ಉರಿಮೂತ್ರಕ್ಕೆ ಮಾತ್ರೆಗಿಂತ ಮೊದಲು ಡಬ್ಬಿ: ಹರೆಯದ ಗಂಡಸರಿಗೊಂದು ಹೋಲಿಕೆಯ ಮಾರ್ಗದರ್ಶಿ

ಮೂತ್ರ ಹೊಯ್ಯುವಾಗ ಉರಿ. ಇಲ್ಲವೇ ಬೀಜದಲ್ಲಿ, ತೊಡೆಸಂದಿಯಲ್ಲಿ, ಬೈಕಿನ ಸೀಟು ತಾಗುವ ಜಾಗದಲ್ಲಿ ನೋವು. ಇಪ್ಪತ್ತೆರಡು ಇಪ್ಪತ್ತೈದರ ಹುಡುಗ ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಮೊದಲ ಎರಡು ದಿನ ‘ಉಷ್ಣ ಆಗಿದೆ’ ಎಂದು ಬೊಂಡ ಕುಡಿಯುತ್ತಾನೆ. ಮೂರನೇ ದಿನ ಮೆಡಿಕಲ್‌ಗೆ ಹೋಗಿ ಐದು ಮಾತ್ರೆ ತರುತ್ತಾನೆ. ತಿಂಗಳು ಕಳೆದ ಮೇಲೆ ತಲಪಾಡಿಯಲ್ಲಿ ಕೇರಳದ ಗಡಿ ದಾಟಿ ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸುತ್ತಾನೆ. ಈ ಮೂರರ ನಡುವೆ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹೆಚ್ಚು ವಿಷಯ ಹೇಳುವ ಒಂದು ಹೆಜ್ಜೆ ತಪ್ಪಿಹೋಗಿರುತ್ತದೆ. ಮಾತ್ರೆ ನುಂಗುವ ಮೊದಲೇ ಡಬ್ಬಿಯಲ್ಲಿ ಹಿಡಿದು ಕೊಡಬೇಕಾಗಿದ್ದ ಮೂತ್ರ ಅದು. ಒಂದೇ ಒಂದು ಡೋಸ್ ಆ್ಯಂಟಿಬಯೋಟಿಕ್ ಒಳಗೆ ಹೋದರೂ ಕಲ್ಚರ್‌ನಲ್ಲಿ, ಅಂದರೆ ಮೂತ್ರದ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನೂ ಬೆಳೆಯದಿರಬಹುದು. ಆಮೇಲೆ ರೋಗಾಣು ಇತ್ತೇ ಇಲ್ಲವೇ ಎಂಬ ಪ್ರಶ್ನೆ ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತದೆ.

ಕಾಸರಗೋಡಿನ ಕಡೆಯ ಹುಡುಗನಿಗೆ ಇರುವ ಆಯ್ಕೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡೋಣ. ಮೊದಲು, ಆಯ್ಕೆಯೇ ಇಲ್ಲದ ಸಂದರ್ಭಗಳು.

ಕಾಯಲೇಬಾರದವು

ಬೀಜದ ನೋವು ಒಮ್ಮೆಲೇ, ಗಡಿಯಾರ ನೋಡಿ ಹೇಳಬಹುದಾದಷ್ಟು ಸ್ಪಷ್ಟವಾಗಿ ಶುರುವಾಯಿತೇ? ಜೊತೆಗೆ ವಾಂತಿ ಬಂದಂತೆ ಆಗುತ್ತಿದೆಯೇ? ಆ ಬದಿಯ ಬೀಜ ಮೇಲಕ್ಕೆ ಎಳೆದುಕೊಂಡು ಅಡ್ಡವಾಗಿ ನಿಂತಂತೆ ಕಾಣುತ್ತಿದೆಯೇ? ಬೇರೆ ಏನೆಂದು ಸಾಬೀತಾಗುವವರೆಗೆ ಇದನ್ನು ಬೀಜದ ಬಳ್ಳಿ ತಿರುಚಿಕೊಂಡದ್ದು ಎಂದೇ ತಿಳಿಯಬೇಕು. ಬಳ್ಳಿಯೊಳಗೆ ರಕ್ತನಾಳವಿದೆ. ಅದು ತಿರುಚಿದರೆ ಬೀಜಕ್ಕೆ ರಕ್ತ ನಿಲ್ಲುತ್ತದೆ. 6 ಗಂಟೆಯೊಳಗೆ ಬಿಡಿಸಿದರೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಬೀಜಗಳು ಉಳಿಯುತ್ತವೆ. 12 ಗಂಟೆಗೆ ಅದು ಅರ್ಧಕ್ಕೆ ಇಳಿಯುತ್ತದೆ, 24 ಗಂಟೆ ದಾಟಿದರೆ ಉಳಿಯುವುದು ಅಪರೂಪ. 12ರಿಂದ 18ರ ವಯಸ್ಸಿನಲ್ಲಿ ಹೆಚ್ಚು, ಆದರೆ ಇಪ್ಪತ್ತರ ಹರೆಯದಲ್ಲೂ ಬರುತ್ತದೆ. ನಾಚಿಕೆಗೆ ಹುಡುಗರು ಇದನ್ನು ‘ಹೊಟ್ಟೆನೋವು’ ಎನ್ನುತ್ತಾರೆ. ಮನೆಯವರು ಓಮದ ನೀರು ಕೊಟ್ಟು ಮಲಗಿಸುತ್ತಾರೆ. ಕೆಳಹೊಟ್ಟೆ ನೋವು ಎಂದ ಹುಡುಗನ ಬಳಿ ಬೀಜ ನೋಯುತ್ತಿದೆಯಾ ಎಂದು ನೇರವಾಗಿ ಕೇಳುವುದು ಅಪ್ಪನೋ ಮಾವನೋ ಮಾಡಬಹುದಾದ ದೊಡ್ಡ ಉಪಕಾರ.

ಆ 6 ಗಂಟೆಯಲ್ಲಿ ನೋವು ಎಂದು ಅರಿವಾಗುವುದು, ವಾಹನ ಸಿಗುವುದು, ದಾರಿ, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ಅರಿವಳಿಕೆ ಎಲ್ಲ ಸೇರಿವೆ. ಅಡೂರು, ಪೆರ್ಲ, ಮುಳ್ಳೇರಿಯದಂಥ ಒಳನಾಡಿನಿಂದ ರಾತ್ರಿ ಹೊರಡುವವರು ಹತ್ತಿರದ ಆಸ್ಪತ್ರೆ ಯಾವುದು ಎಂದು ನೋಡಿದರೆ ಸಾಲದು. ‘ಈಗ ಸರ್ಜನ್ನೂ ಅರಿವಳಿಕೆ ಡಾಕ್ಟರೂ ಇದ್ದಾರಾ’ ಎಂದು ಫೋನಿನಲ್ಲಿ ಕೇಳಿಕೊಂಡೇ ಹೊರಡಬೇಕು. ಇಲ್ಲವಾದರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸುವಷ್ಟರಲ್ಲಿ ಎರಡು ಗಂಟೆ ಹೋಗಿರುತ್ತದೆ. ದಾರಿಯಲ್ಲಿ ಏನೂ ತಿನ್ನಬಾರದು, ಕುಡಿಯಬಾರದು. ನೋವು ತಾನಾಗಿ ಫಕ್ಕನೆ ನಿಂತರೂ ತೋರಿಸಲೇಬೇಕು. ತಿರುಚಿದ್ದು ತಾನೇ ಬಿಚ್ಚಿಕೊಂಡು ಮುಂದಿನ ವಾರ ಮತ್ತೆ ತಿರುಚುವುದುಂಟು.

ಇನ್ನು ಮೂರು ಸಂದರ್ಭಗಳನ್ನು ಬೇಗನೆ ಹೇಳಿಬಿಡುತ್ತೇವೆ. ಚಳಿಜ್ವರದೊಂದಿಗೆ ಮೂತ್ರ ಕಟ್ಟಿಕೊಂಡು, ಗುದದ ಮುಂದೆ ಭಾರವಾಗಿ ನೋಯುವುದು ಪ್ರಾಸ್ಟೇಟಿನ (ಮೂತ್ರಕೋಶದ ಕೆಳಗೆ ಗಂಡಸರಿಗಿರುವ ಗ್ರಂಥಿ) ತೀವ್ರ ಸೋಂಕು ಇರಬಹುದು. ಪಕ್ಕೆ ನೋವಿನ ಜೊತೆ ಜ್ವರವಿದ್ದರೆ, ಕಲ್ಲು ಅಡ್ಡ ಕೂತು ಅದರ ಹಿಂದೆ ಕೀವಾಗಿರುವ ಸಾಧ್ಯತೆ. ಕುಡಿದರೂ ಆರೆಂಟು ಗಂಟೆ ಮೂತ್ರವೇ ಬಾರದೆ ಕೆಳಹೊಟ್ಟೆ ಉಬ್ಬಿದ್ದು ಮೂರನೆಯದು. ಮೂರಕ್ಕೂ ಅದೇ ದಿನ ಆಸ್ಪತ್ರೆ. 108 ಗಡಿಯ ಎರಡೂ ಬದಿ ಕೆಲಸ ಮಾಡುತ್ತದೆ.

ಉರಿ ಒಂದೇ, ಕಾರಣ ಬೇರೆ

ಹೆಂಗಸರಿಗೆ ಉರಿಮೂತ್ರ ಎಂದರೆ ಹೆಚ್ಚಾಗಿ ಮೂತ್ರಕೋಶದ ಸೋಂಕು. ಹರೆಯದ ಗಂಡಸರಿಗೆ ಹಾಗಲ್ಲ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಗಂಡಸರದ್ದು ಹೆಚ್ಚುಕಡಿಮೆ 20. ಹೊರಗಿನ ರೋಗಾಣು ಅಷ್ಟು ದೂರ ಹತ್ತುವುದು ಸುಲಭವಲ್ಲ. ಆದ್ದರಿಂದ ಇಪ್ಪತ್ತೈದರ ಗಂಡಸಿಗೆ ನಿಜವಾಗಿಯೂ ಮೂತ್ರಕೋಶದ ಸೋಂಕು ಬಂದರೆ ‘ಯಾಕೆ ಬಂತು’ ಎಂದು ಹುಡುಕಬೇಕು. ಕಲ್ಲು, ಮೂತ್ರನಾಳ ಕಿರಿದಾಗಿರುವುದು, ಹಿಂದೆ ಸರಿಯದ ಮುಂದೊಗಲು, ಸಕ್ಕರೆ ಕಾಯಿಲೆ ಇವನ್ನೆಲ್ಲ ನೋಡಬೇಕು. ಅಕ್ಕನಿಗೆ ಮೂರು ದಿನದಲ್ಲಿ ವಾಸಿಯಾದ ಮಾತ್ರೆ ತಮ್ಮನಿಗೆ ಸಾಲುವುದಿಲ್ಲ. ಗಂಡಸರಿಗೆ ಸಾಮಾನ್ಯವಾಗಿ 7 ದಿನದ ಕೋರ್ಸ್ ಬೇಕು, ಅದೂ ಕಲ್ಚರ್ ನೋಡಿಕೊಂಡು.

ಸೋಂಕಿನ ಉರಿಗೆ ಜೊತೆಗಾರರಿರುತ್ತಾರೆ. ಗಳಿಗೆಗೊಮ್ಮೆ ಅವಸರ, ಕದಡಿದ ಮೂತ್ರ, ಕೆಟ್ಟ ವಾಸನೆ, ಕೆಲವೊಮ್ಮೆ ರಕ್ತ. ಎರಡು ಮೂರು ದಿನದಲ್ಲಿ ಅದು ಏರುತ್ತಾ ಹೋಗುತ್ತದೆ.

ಲೈಂಗಿಕ ಸಂಪರ್ಕದಿಂದ ಬಂದ ಮೂತ್ರನಾಳದ ಉರಿಯಲ್ಲಿ ಕೆಳಹೊಟ್ಟೆ ನೋವು ಕಡಿಮೆ. ಉರಿ ತುದಿಯಲ್ಲಿ, ಬೆಳಗ್ಗೆ ಒಳಚಡ್ಡಿಯಲ್ಲಿ ಕಲೆ. ಗೊನೋರಿಯವಾದರೆ ಸಾಮಾನ್ಯವಾಗಿ 2ರಿಂದ 7 ದಿನದಲ್ಲಿ ದಪ್ಪ ಹಳದಿ ಕೀವು. ಕ್ಲಮೀಡಿಯವಾದರೆ ಒಂದರಿಂದ ಮೂರು ವಾರದ ನಂತರ ತೆಳ್ಳಗೆ ನೀರಿನಂತೆ, ಕೆಲವರಿಗೆ ಏನೂ ಇಲ್ಲ. ಇದೇ ರೋಗಾಣು ಹಿಂದಕ್ಕೆ ಹತ್ತಿದರೆ ಬೀಜದ ಹಿಂಭಾಗದ ಸುರುಳಿ ಬಾತುಕೊಳ್ಳುತ್ತದೆ. 35ಕ್ಕಿಂತ ಕೆಳಗಿನವರಲ್ಲಿ ಆ ಊತಕ್ಕೆ ಇವೆರಡೇ ಹೆಚ್ಚಿನ ಕಾರಣ. ತಿರುಚಿದ ನೋವಿಗೂ ಇದಕ್ಕೂ ವ್ಯತ್ಯಾಸ ವೇಗದಲ್ಲಿದೆ. ತಿರುಚಿದ್ದು ನಿಮಿಷಗಳಲ್ಲಿ, ಬಾವು ಒಂದೆರಡು ದಿನದಲ್ಲಿ. ಸಂಶಯ ಬಂದರೆ ತಿರುಚಿದ್ದು ಎಂದೇ ಓಡಿ.

ಕಲ್ಲು ಕೂಡ ಮೋಸ ಮಾಡುತ್ತದೆ. ಕಿಡ್ನಿಯಿಂದ ಹೊರಟು ಮೂತ್ರಕೋಶದ ಬಾಗಿಲಿಗೆ ಬಂದು ನಿಂತ 4 ಮಿಲಿಮೀಟರಿನ ಕಲ್ಲು ಬೆನ್ನನ್ನು ನೋಯಿಸುವ ಬದಲು ಪದೇ ಪದೇ ಅವಸರ, ಶಿಶ್ನದ ತುದಿಯಲ್ಲಿ ಚುಚ್ಚು, ಆ ಬದಿಯ ಬೀಜದಲ್ಲಿ ಸೆಳೆತ ತರುತ್ತದೆ. ಹುಡುಗನಿಗೆ ಅನಿಸುವುದು ಸೋಂಕು ಎಂದು. ಮಾರ್ಚ್–ಏಪ್ರಿಲಿನ ಸೆಕೆಯಲ್ಲಿ ಅಡಿಕೆ ತೋಟದಲ್ಲೋ ಕೆಂಪುಕಲ್ಲಿನ ಪಣೆಯಲ್ಲೋ ಬೆವರು ಸುರಿಸುವವರು, ಗಲ್ಫಿನಲ್ಲಿ ಡ್ರೈವರ್ ಕೆಲಸದಲ್ಲಿರುವವರು ಇದನ್ನು ಮೊದಲೇ ನೆನಪಿಸಿಕೊಳ್ಳಬೇಕು. ಸೋಂಕಿನ ನೋವು ಸಮನಾಗಿರುತ್ತದೆ. ಕಲ್ಲಿನದ್ದು ಅಲೆಯಂತೆ ಬಂದು ಹೋಗುತ್ತದೆ, ಬಂದಾಗ ಹೇಗೆ ಮಲಗಿದರೂ ಸಮಾಧಾನವಿಲ್ಲ.

ಮೂತ್ರದ ಧಾರೆಯನ್ನೂ ಗಮನಿಸಿ. ಎರಡು ಕವಲಾಗಿ, ನೂಲಿನಂತೆ, ತಿಣುಕಿ ಬರುವ ಧಾರೆ ಮೂತ್ರನಾಳ ಕಿರಿದಾಗಿದ್ದರ ಗುರುತು. ಸೈಕಲ್ಲಿನ ಬಾರಿನ ಮೇಲೋ ಗೋಡೆಯ ಮೇಲೋ ಕಾಲು ಅಗಲಿಸಿ ಬಿದ್ದದ್ದು, ಹಿಂದೆ ಆಸ್ಪತ್ರೆಯಲ್ಲಿ ನಳಿಕೆ ಹಾಕಿದ್ದು, ಹಳೆಯ ಗೊನೋರಿಯ ಇದ್ದರೆ ಡಾಕ್ಟರಿಗೆ ಹೇಳಿ. ಇದಕ್ಕೆ ಯೂರೋಫ್ಲೋಮೆಟ್ರಿ ಎಂಬ, ಯಂತ್ರದೊಳಗೆ ಮೂತ್ರ ಹೊಯ್ಯುವ ಸರಳ ಪರೀಕ್ಷೆ ಇದೆ. ಕನಿಷ್ಠ 150 ಎಂ.ಎಲ್. ಬಂದರೆ ಮಾತ್ರ ಅದರ ಫಲಿತಾಂಶಕ್ಕೆ ಅರ್ಥ.

ಎರಡು ಡಬ್ಬಿ, ಎರಡು ಮೂತ್ರ

ಇಲ್ಲಿಯೇ ಹೆಚ್ಚಿನವರು ಎಡವುವುದು. ಕಲ್ಚರಿಗೆ ಕೊಡುವ ಮೂತ್ರ ಬೇರೆ, ಲೈಂಗಿಕ ಸೋಂಕಿನ ಪಿಸಿಆರ್ ಮಾದರಿಯ (ರೋಗಾಣುವಿನ ವಂಶವಾಹಿ ಹುಡುಕುವ) ಪರೀಕ್ಷೆಗೆ ಕೊಡುವ ಮೂತ್ರ ಬೇರೆ.

ಕಲ್ಚರಿಗೆ ನಡುವಿನ ಧಾರೆ ಬೇಕು. ಕೈ ತೊಳೆದು, ಮುಂದೊಗಲು ಹಿಂದೆ ಸರಿಸಿ, ತುದಿಯನ್ನು ಬರಿ ನೀರಿನಲ್ಲಿ ತೊಳೆದು ಒರಸಿಕೊಳ್ಳಿ. ಸಾಬೂನು, ಡೆಟಾಲ್ ಬೇಡ. ಮೊದಲ ಸ್ವಲ್ಪ ಕಕ್ಕಸಿಗೆ ಬಿಟ್ಟು, ಧಾರೆ ನಿಲ್ಲಿಸದೆ ಡಬ್ಬಿಯನ್ನು ಒಡ್ಡಿ 20–30 ಎಂ.ಎಲ್. ಹಿಡಿಯಿರಿ. ಉಳಿದದ್ದು ಮತ್ತೆ ಕಕ್ಕಸಿಗೆ. ಡಬ್ಬಿ ಲ್ಯಾಬಿನದ್ದೇ ಆಗಬೇಕು, ಮುಚ್ಚಳದ ಒಳಭಾಗ ಮುಟ್ಟಬಾರದು. ಒಂದೆರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಮನೆಯಲ್ಲಿ ಬೆಳಗ್ಗೆ ಆರಕ್ಕೆ ಹಿಡಿದು, ಬಸ್ಸಿನಲ್ಲಿ ತಂದು, ಹನ್ನೊಂದಕ್ಕೆ ಕೊಟ್ಟ ಮೂತ್ರದಲ್ಲಿ ಯಾವುದೋ ಬ್ಯಾಕ್ಟೀರಿಯ ಬೆಳೆದೇ ಬೆಳೆಯುತ್ತದೆ. ಅದಕ್ಕೆ ಮದ್ದು ತಿನ್ನುವವನು ಹುಡುಗ. ಆಸ್ಪತ್ರೆಯಲ್ಲೇ ಹಿಡಿದು ಕೊಡುವುದು ಮೇಲು. ಕಲ್ಚರ್ ವರದಿಗೆ ಎರಡು ದಿನ ಬೇಕು.

ಕ್ಲಮೀಡಿಯ, ಗೊನೋರಿಯಕ್ಕೆ ಇದಕ್ಕೆ ತದ್ವಿರುದ್ಧ. ಕನಿಷ್ಠ ಒಂದು ಗಂಟೆ ಮೂತ್ರ ಹೊಯ್ಯದೆ ಇದ್ದು, ತೊಳೆಯದೆ, ಮೊಟ್ಟಮೊದಲ 20–30 ಎಂ.ಎಲ್. ಹಿಡಿಯಬೇಕು. ನಾಳದ ಗೋಡೆಯಲ್ಲಿ ಅಂಟಿಕೊಂಡದ್ದು ಮೊದಲ ಧಾರೆಯಲ್ಲೇ ತೊಳೆದು ಬರುವುದು. ನಡುವಿನ ಧಾರೆ ಕೊಟ್ಟರೆ ಇದ್ದ ರೋಗವೂ ತಪ್ಪಿಸಿಕೊಳ್ಳುತ್ತದೆ.

ವರದಿಯಲ್ಲಿ ‘ಪಸ್ ಸೆಲ್ಸ್’ ಎಂದು ಬರೆದಿರುತ್ತದೆ. ಮಲೆಯಾಳಿ ನರ್ಸು ‘ಪಳುಪ್ಪ್ ಇದೆ’ ಎಂದರೆ ಹೆಚ್ಚಾಗಿ ಇದನ್ನೇ ಹೇಳುತ್ತಿರುತ್ತಾರೆ. 0–5 ಇದ್ದರೆ ಸಾಮಾನ್ಯ. 20, 30, ‘ಪ್ಲೆಂಟಿ’ ಎಂದಿದ್ದು ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೆ ಅದು ತಪ್ಪು ವರದಿ ಎಂದು ಬಿಸಾಡಬೇಡಿ. ಅದಕ್ಕೆ ಕಾರಣಗಳಿವೆ: ಮೊದಲೇ ತಿಂದ ಆ್ಯಂಟಿಬಯೋಟಿಕ್, ಕ್ಲಮೀಡಿಯ, ಕಲ್ಲು, ಮತ್ತು ನಮ್ಮ ದೇಶದಲ್ಲಿ ಮರೆಯಲೇಬಾರದ ಇನ್ನೊಂದು, ಮೂತ್ರಾಂಗದ ಕ್ಷಯ. ವಾರಗಟ್ಟಲೆ ಅವಸರ, ಆಗಾಗ ರಕ್ತ, ತೂಕ ಇಳಿಕೆ ಇದ್ದರೆ ಮುಂಜಾನೆಯ ಮೊದಲ ಮೂತ್ರವನ್ನು ಸಾಲಾಗಿ 3ರಿಂದ 5 ದಿನ ಕ್ಷಯದ ಪರೀಕ್ಷೆಗೆ ಕೊಡಬೇಕಾಗುತ್ತದೆ. ಸರಕಾರಿ ಕ್ಷಯ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮದ್ದೂ ಉಚಿತ.

ಮೆಡಿಕಲ್‌ನ ಐದು ಮಾತ್ರೆ

ಕೇಳಿ ತರುವ ಮಾತ್ರೆಗಳಲ್ಲಿ ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಗುಂಪು ಹೆಚ್ಚು. ಪ್ರಾಸ್ಟೇಟಿನೊಳಗೆ ಚೆನ್ನಾಗಿ ಇಳಿಯುವ ಮದ್ದು ಅದು, ಒಪ್ಪೋಣ. ಆದರೆ ಭಾರತದಲ್ಲಿ ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ. ಕೋಲೈ ಬ್ಯಾಕ್ಟೀರಿಯದ ದೊಡ್ಡ ಪಾಲು ಇದಕ್ಕೆ ಬಗ್ಗುವುದಿಲ್ಲ, ಗೊನೋರಿಯವಂತೂ ಬಗ್ಗುವುದೇ ಇಲ್ಲ ಎನ್ನಬಹುದು. ಸ್ನಾಯುರಜ್ಜು, ನರಗಳಿಗೆ ತೊಂದರೆ ಕೊಡುವುದುಂಟು, ಹಿಮ್ಮಡಿಯ ಮೇಲೆ ನೋವು ಬಂದರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕ್ಷಯದ ರೋಗಾಣುವನ್ನು ಅರ್ಧ ತಟ್ಟಿ ಮಲಗಿಸಿ, ರೋಗ ಪತ್ತೆಯಾಗುವುದನ್ನು ತಿಂಗಳುಗಟ್ಟಲೆ ಮುಂದೂಡುತ್ತದೆ.

ನೈಟ್ರೊಫ್ಯುರಾಂಟಾಯಿನ್ ಮೂತ್ರಕೋಶಕ್ಕೆ ಒಳ್ಳೆಯದು, ಪ್ರಾಸ್ಟೇಟಿಗೆ ಮುಟ್ಟುವುದಿಲ್ಲ. ಜ್ವರ ಇರುವ ಗಂಡಸಿಗೆ ಅದು ತಪ್ಪು ಆಯ್ಕೆ. ಅದರ ಜೊತೆ ಉರಿ ಕಡಿಮೆ ಮಾಡಲು ಮೂತ್ರವನ್ನು ಕ್ಷಾರವಾಗಿಸುವ ಸಿರಪ್ ಕೊಡುವುದು ನಮ್ಮಲ್ಲಿ ರೂಢಿ. ಆ ಮಾತ್ರೆ ಕೆಲಸ ಮಾಡುವುದು ಆಮ್ಲೀಯ ಮೂತ್ರದಲ್ಲಿ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದಂತೆ. ಸಿರಪ್ ಉರಿ ಶಮನಕ್ಕೆ ಎರಡು ದಿನ ಸರಿ, ಅದು ಒಂದು ರೋಗಾಣುವನ್ನೂ ಕೊಲ್ಲುವುದಿಲ್ಲ.

ಡಾಕ್ಸಿಸೈಕ್ಲಿನ್ ಕ್ಲಮೀಡಿಯಕ್ಕೆ ಡಾಕ್ಟರು ಬರೆಯುವ ಮೊದಲ ಮದ್ದು: 100 ಮಿ.ಗ್ರಾಂ., ದಿನಕ್ಕೆರಡು, 7 ದಿನ. ಬೀಜದ ಬಾವು ಇದ್ದರೆ 10 ದಿನ, ಜೊತೆಗೊಂದು ಇಂಜೆಕ್ಷನ್. ದೊಡ್ಡ ಲೋಟ ನೀರಿನೊಂದಿಗೆ ಕುಳಿತು ನುಂಗಬೇಕು. ಮಲಗುವ ಹೊತ್ತಿಗೆ ಒಣಗಂಟಲಲ್ಲಿ ನುಂಗಿದರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತದೆ. ಬಿಸಿಲಿಗೆ ಚರ್ಮ ಸುಡುವುದೂ ಉಂಟು, ತೋಟದ ಕೆಲಸದವರು ತುಂಬುತೋಳು ಹಾಕಿಕೊಳ್ಳಿ. ಸಂಗಾತಿಗೂ ಅದೇ ಹೊತ್ತಿಗೆ ಚಿಕಿತ್ಸೆ, ಇಬ್ಬರದ್ದೂ ಮುಗಿಯುವ ತನಕ ಸಂಪರ್ಕ ಬೇಡ. ಇಲ್ಲದಿದ್ದರೆ ರೋಗ ಇಬ್ಬರ ನಡುವೆ ಚೆಂಡಾಟ ಆಡುತ್ತದೆ.

ಕೇರಳದಲ್ಲಿ 2024ರಿಂದ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಮಾರುವ ಅಂಗಡಿಗಳ ತಪಾಸಣೆ ನಡೆಯುತ್ತಿದೆ. ಚೀಟಿ ಕೇಳಿದ ಅಂಗಡಿಯವರ ಮೇಲೆ ಸಿಟ್ಟಾಗಿ ಗಡಿ ದಾಟಿ ತರುವವರಿಗೆ ಹೇಳುವುದಿಷ್ಟೇ: ಆ ಪೆಟ್ರೋಲಿನ ದುಡ್ಡಿನಲ್ಲಿ ಮೂತ್ರ ಪರೀಕ್ಷೆ ಆಗುತ್ತಿತ್ತು.

ಎಲ್ಲ ವರದಿ ಸರಿ, ನೋವು ಮಾತ್ರ ಹೋಗಿಲ್ಲ

ಹರೆಯದವರ ಕಿಬ್ಬೊಟ್ಟೆ ನೋವಿನಲ್ಲಿ ಅತಿ ಹೆಚ್ಚು ಹಣ, ಅತಿ ಹೆಚ್ಚು ಮದ್ದು ವ್ಯರ್ಥವಾಗುವುದು ಇಲ್ಲಿ. ಮೂತ್ರ ಶುದ್ಧ, ಕಲ್ಚರ್ ಶುದ್ಧ, ಸ್ಕ್ಯಾನಿನಲ್ಲಿ ಕಲ್ಲಿಲ್ಲ. ಆದರೂ ಬೀಜದ ಚೀಲ ಮತ್ತು ಗುದದ ನಡುವೆ ಚೆಂಡಿನ ಮೇಲೆ ಕೂತಂತೆ, ಶಿಶ್ನದ ತುದಿಯಲ್ಲಿ ಉರಿ, ವೀರ್ಯ ಹೋದ ಮೇಲೆ ನೋವು, ಹೊಯ್ದು ಬಂದರೂ ಉಳಿದಂತೆ. ಚೀಟಿಯಲ್ಲಿ ‘ಪ್ರಾಸ್ಟಟೈಟಿಸ್’ (ಪ್ರಾಸ್ಟೇಟಿನ ಉರಿಯೂತ) ಎಂದು ಬರೆದು ಮತ್ತೆ ನಾಲ್ಕು ವಾರ ಆ್ಯಂಟಿಬಯೋಟಿಕ್.

ಪ್ರಾಸ್ಟಟೈಟಿಸ್ ಎಂಬ ಒಂದೇ ಹೆಸರಿನ ಕೆಳಗೆ ನಾಲ್ಕು ಬಗೆ ಇವೆ. ಮೊದಲನೆಯದು ಜ್ವರದ ತೀವ್ರ ಸೋಂಕು. ಎರಡನೆಯದು ಅದೇ ರೋಗಾಣು ಮತ್ತೆ ಮತ್ತೆ ಮರುಕಳಿಸುವ ದೀರ್ಘ ಸೋಂಕು. ಮೂರನೆಯದು ರೋಗಾಣು ಸಿಗದ ದೀರ್ಘ ನೋವು. ನಾಲ್ಕನೆಯದು ತೊಂದರೆಯೇ ಕೊಡದೆ ಪರೀಕ್ಷೆಯಲ್ಲಿ ಮಾತ್ರ ಕಾಣುವುದು. ನೋವೆಂದು ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮೂರನೆಯ ಗುಂಪಿನವರು. ಹೆಸರು ಪ್ರಾಸ್ಟೇಟಿನದ್ದಾದರೂ ಹೆಚ್ಚಿನವರಲ್ಲಿ ನೋಯುತ್ತಿರುವುದು ಸೊಂಟದ ತಳದ ಸ್ನಾಯುಗಳು. ಮುಂದಿನ ಎಲುಬಿನಿಂದ ಬಾಲದ ಮೂಳೆಯವರೆಗೆ ತೊಟ್ಟಿಲ ಬಟ್ಟೆಯಂತೆ ಹರಡಿಕೊಂಡು, ಮೂತ್ರಕೋಶವನ್ನೂ ಗುದವನ್ನೂ ಹೊತ್ತ ಸ್ನಾಯುಗಳಿವು. ಹೆದರಿದಾಗ ಹಲ್ಲು ಕಚ್ಚುವಂತೆ ಕೆಲವರು ಇದನ್ನು ಬಿಗಿಹಿಡಿಯುತ್ತಾರೆ, ತಿಳಿಯದೆಯೇ. ಒಂದು ನಿಜವಾದ ಸೋಂಕಿನಿಂದ ಶುರುವಾಗಿ, ಸೋಂಕು ಹೋದ ಮೇಲೂ ಬಿಗಿ ಬಿಡದೆ ಉಳಿಯುವುದಿದೆ. ದಿನಕ್ಕೆ ಎಂಟು ಗಂಟೆ ಕುರ್ಚಿ, ದೂರದ ಬೈಕ್ ಸವಾರಿ, ಜಿಮ್ಮಿನಲ್ಲಿ ಉಸಿರು ಕಟ್ಟಿ ಭಾರ ಎತ್ತುವುದು, ಮಲಬದ್ಧತೆ, ‘ನನಗೇನೋ ದೊಡ್ಡ ರೋಗ’ ಎಂಬ ಭಯ ಇವು ಇನ್ನಷ್ಟು ಬಿಗಿಸುತ್ತವೆ.

ಪತ್ತೆಗೆ ನಿಯಮ ಹೀಗೆ: ಕಳೆದ 6 ತಿಂಗಳಲ್ಲಿ ಒಟ್ಟು 3 ತಿಂಗಳಾದರೂ ನೋವಿದ್ದು ಬೇರೆ ಕಾರಣ ಸಿಕ್ಕಿರಬಾರದು. ಕೂತಾಗ ಹೆಚ್ಚು, ಮಲಗಿದಾಗ ಕಡಿಮೆ, ಬಿಸಿನೀರಿಗೆ ಇಳಿಯುತ್ತದೆ, ಪರೀಕ್ಷೆ, ಸಾಲ, ವೀಸಾ ಎಂದು ತಲೆಬಿಸಿ ಇದ್ದ ವಾರ ಏರುತ್ತದೆ. ಸೋಂಕಿಗೆ ಇಂಥ ಸ್ವಭಾವವಿಲ್ಲ.

ಚಿಕಿತ್ಸೆಯ ಆಯ್ಕೆಗಳನ್ನು ತೂಗಿದರೆ, ಆ್ಯಂಟಿಬಯೋಟಿಕ್‌ಗೆ ಮೊದಲ ಬಾರಿ 4ರಿಂದ 6 ವಾರದ ಒಂದು ಅವಕಾಶ ಕೊಡುವ ಡಾಕ್ಟರು ತಪ್ಪು ಮಾಡುತ್ತಿಲ್ಲ. ರೋಗಾಣು ಸಿಗದೆ ಎರಡನೇ, ಮೂರನೇ ಕೋರ್ಸಿಗೆ ಅರ್ಥವಿಲ್ಲ. ತಿನ್ನುವಾಗ ಸ್ವಲ್ಪ ಕಡಿಮೆಯಾಗಿತ್ತು ಎಂಬುದು ಸಾಕ್ಷಿಯಲ್ಲ. ಆ ಗುಂಪಿನ ಕೆಲವು ಮದ್ದುಗಳು ಉರಿಯೂತವನ್ನೂ ಒಂದಿಷ್ಟು ತಗ್ಗಿಸುತ್ತವೆ.

ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ. ಧಾರೆ ಸಣ್ಣಗಿದ್ದು ತಿಣುಕುವವರಿಗೆ ಉಪಯೋಗ. ದಿನವೂ ಒಂದೇ ಊಟದ ಅರ್ಧ ಗಂಟೆ ನಂತರ. ಮೊದಲ ದಿನಗಳಲ್ಲಿ ಫಕ್ಕನೆ ಎದ್ದರೆ ತಲೆ ತಿರುಗಬಹುದು. ವೀರ್ಯ ಕಡಿಮೆ ಬರುವುದು, ಬರದೇ ಇರುವುದು ಇದರ ಗೊತ್ತಿರುವ ಪರಿಣಾಮ, ನಿಲ್ಲಿಸಿದರೆ ಸರಿಹೋಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹುಡುಗ ಗಾಬರಿಯಾಗಿ ಮಾತ್ರೆ ಬಿಡುತ್ತಾನೆ. ಆರು ವಾರಕ್ಕೆ ಬದಲಾವಣೆ ಇಲ್ಲದಿದ್ದರೆ ಎಳೆಯುವುದರಲ್ಲಿ ಪ್ರಯೋಜನವಿಲ್ಲ. ನಿದ್ದೆ ಕೆಡಿಸುವ ನೋವಿಗೆ ರಾತ್ರಿ 10 ಮಿ.ಗ್ರಾಂ. ಅಮಿಟ್ರಿಪ್ಟಿಲಿನ್ ಬರೆದರೆ ‘ತಲೆಗೆ ಕೊಟ್ಟ ಮದ್ದು’ ಎಂದು ಮುನಿಯಬೇಡಿ. ಅಷ್ಟು ಸಣ್ಣ ಪ್ರಮಾಣದಲ್ಲಿ ಅದು ನರದ ನೋವಿನ ಮದ್ದು.

ನಮ್ಮ ಅಭಿಪ್ರಾಯದಲ್ಲಿ ಮೊದಲ ಸಾಲಿನಲ್ಲಿ ಇರಬೇಕಾದದ್ದು, ಆದರೆ ಕೊನೆಯಲ್ಲಿ ನೆನಪಾಗುವುದು ಫಿಸಿಯೋಥೆರಪಿ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಪ್ರಯೋಗದಲ್ಲಿ ಸೊಂಟದ ತಳದ ಸ್ನಾಯುಗಳ ಬಿಗಿ ಬಿಡಿಸುವ ಚಿಕಿತ್ಸೆಗೆ 57 ಶೇಕಡಾ ಮಂದಿ ಸುಧಾರಿಸಿದರು, ಸಾಮಾನ್ಯ ಮೈ ಮಾಲೀಸಿಗೆ 21 ಶೇಕಡಾ. ಎಲ್ಲ ಫಿಸಿಯೋಗಳಿಗೆ ಇದು ಬರುವುದಿಲ್ಲ. ‘ಪೆಲ್ವಿಕ್ ಫ್ಲೋರ್ ಮಾಡುತ್ತೀರಾ, ಗಂಡಸರಿಗೆ ಮಾಡುತ್ತೀರಾ’ ಎಂದು ಕೇಳಿಯೇ ಹೋಗಿ. ದೇರಳಕಟ್ಟೆ, ಮಂಗಳೂರಿನ ವೈದ್ಯಕೀಯ ಕಾಲೇಜುಗಳ ಫಿಸಿಯೋ ವಿಭಾಗಗಳಿಂದ ವಿಚಾರಣೆ ಶುರುಮಾಡಬಹುದು.

ಯೂಟ್ಯೂಬ್ ನೋಡಿ ಕೀಗಲ್ ವ್ಯಾಯಾಮ ಮಾಡುವವರಿಗೆ ಒಂದು ಎಚ್ಚರಿಕೆ. ಕೀಗಲ್ ಎಂದರೆ ಬಿಗಿಹಿಡಿಯುವುದು. ಅದು ಸಡಿಲಾದ ಸ್ನಾಯುವಿಗೆ. ಬಿಗಿಯಾಗಿಯೇ ನೋಯುತ್ತಿರುವುದನ್ನು ಇನ್ನೂ ಬಿಗಿದರೆ ಒಂದೆರಡು ವಾರದಲ್ಲಿ ನೋವು ಏರುತ್ತದೆ. ಇಲ್ಲಿ ಬೇಕಾದ್ದು ಅದರ ತಿರುವು. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಒಂದು ಕೈ ಹೊಟ್ಟೆಯ ಮೇಲಿಡಿ. ನಾಲ್ಕು ಎಣಿಸುತ್ತ ಮೂಗಿನಿಂದ ಉಸಿರೆಳೆಯಿರಿ, ಹೊಟ್ಟೆ ಏರಲಿ. ಅದೇ ಹೊತ್ತಿಗೆ ಮೂತ್ರ ಶುರುವಾಗುವ ಗಳಿಗೆಯಲ್ಲಿ ಆಗುವಂತೆ ಕೆಳಗನ್ನು ಬಿಟ್ಟುಕೊಡಿ. ತಿಣುಕಬಾರದು, ಬಿಡುವುದು ಮಾತ್ರ. ಆರು ಎಣಿಸುತ್ತ ಉಸಿರು ಹೊರಗೆ. ಐದರಿಂದ ಹತ್ತು ನಿಮಿಷ, ದಿನಕ್ಕೆರಡು ಸಲ. ಆಮೇಲೆ ಕಿಟಕಿಯ ಸರಳು ಹಿಡಿದು ಪೂರ್ತಿ ಕುಕ್ಕರಗಾಲಲ್ಲಿ ಕುಳಿತು ಒಂದು ನಿಮಿಷ, ಮೂರು ಬಾರಿ. ಹಿಮ್ಮಡಿ ನೆಲಕ್ಕೆ ತಾಗದಿದ್ದರೆ ಅಡಿಯಲ್ಲಿ ಮಡಚಿದ ಬೈರಾಸು. ಬಿಸಿನೀರಿನ ಟಬ್ಬಿನಲ್ಲಿ 10–15 ನಿಮಿಷ ಕೂರುವುದೂ ಒಳ್ಳೆಯದು. ಮೊಣಕೈ ಅದ್ದಿದರೆ ಹಿತವಾಗುವಷ್ಟು ಬಿಸಿ ಸಾಕು. ಉಪ್ಪು, ಡೆಟಾಲ್ ಹಾಕುವುದರಿಂದ ಲಾಭವಿಲ್ಲ. ಡೆಟಾಲ್ ತುದಿಯನ್ನು ಸುಟ್ಟು ಹೊಸ ಉರಿ ತರುತ್ತದೆ. ಕೀವು ಬರುತ್ತಿದೆಯಾ ಎಂದು ದಿನಕ್ಕೆ ಹತ್ತು ಸಲ ಹಿಂಡಿ ನೋಡುವುದೂ ಹಾಗೆಯೇ. ಗುಣ ಕಾಣಲು 6ರಿಂದ 12 ವಾರ ಹಿಡಿಯುತ್ತದೆ, ನಡುವೆ ಏರಿಳಿತ ಇದ್ದೇ ಇರುತ್ತದೆ.

ದುಡ್ಡಿಗೆ ತಕ್ಕ ಪರೀಕ್ಷೆ, ದುಡ್ಡು ತಿನ್ನುವ ಪರೀಕ್ಷೆ

ಮೂತ್ರದ ಸೂಕ್ಷ್ಮ ಪರೀಕ್ಷೆ, ಕಲ್ಚರ್, ರಕ್ತದ ಸಕ್ಕರೆ, ಹೊಯ್ದ ನಂತರ ಎಷ್ಟು ಉಳಿದಿದೆ ಎಂದು ನೋಡುವ ಅಲ್ಟ್ರಾಸೌಂಡ್: ಇಷ್ಟು ಮೊದಲ ಸುತ್ತಿಗೆ ಸಾಕು. ಉಳಿಕೆ 50 ಎಂ.ಎಲ್.ಗಿಂತ ಕೆಳಗಿದ್ದರೆ ಚಿಂತೆಯಿಲ್ಲ. ಒಂದು ಮಾತು: ಸ್ಕ್ಯಾನಿಗೆಂದು ಒಂದೂವರೆ ಲೀಟರ್ ಕುಡಿದು ಎರಡು ಗಂಟೆ ತಡೆದು ಕೂತವನ ಮೂತ್ರಕೋಶ ಒಮ್ಮೆಗೆ ಪೂರ್ತಿ ಖಾಲಿಯಾಗದು. ಮತ್ತೊಮ್ಮೆ ಹೊಯ್ದು ಅಳೆಯಲು ಕೇಳಿ.

ಅಲ್ಟ್ರಾಸೌಂಡಿಗೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳದ ನಡುಭಾಗದ ಕಲ್ಲು ಕಾಣದೆ ಹೋಗಬಹುದು. ಲಕ್ಷಣ ಕಲ್ಲಿನದ್ದೇ ಆಗಿದ್ದರೆ ಬಣ್ಣದ ಮದ್ದು ಹಾಕದ ಸಿಟಿ ಸ್ಕ್ಯಾನ್ ನಿಖರ. ಪ್ರಾಸ್ಟೇಟಿನಲ್ಲಿ ‘ಕ್ಯಾಲ್ಸಿಫಿಕೇಶನ್’, 24 ಗ್ರಾಂ. ಗಾತ್ರ ಎಂದು ಬರೆದದ್ದಕ್ಕೆ ನಿದ್ದೆಗೆಡಬೇಡಿ. ಹರೆಯದವರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಪತ್ತೆಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆ ಬೇಡ, ಉರಿಯೂತದಲ್ಲಿ ಅದು ಸುಮ್ಮನೆ ಏರಿ ಕ್ಯಾನ್ಸರಿನ ಭಯ ಹುಟ್ಟಿಸುತ್ತದೆ. ವೀರ್ಯದ ಕಲ್ಚರಿನಲ್ಲಿ ಚರ್ಮದ ಮೇಲಿನ ಬ್ಯಾಕ್ಟೀರಿಯ ಬೆಳೆದು ಅದಕ್ಕೇ ತಿಂಗಳುಗಟ್ಟಲೆ ಮದ್ದು ತಿಂದವರಿದ್ದಾರೆ. ಪ್ರಾಸ್ಟೇಟಿನಲ್ಲಿ ರೋಗಾಣು ಇದೆಯೇ ಎಂದು ತಿಳಿಯಬೇಕಾದರೆ ಗ್ರಂಥಿಯನ್ನು ಒತ್ತುವ ಮೊದಲು ಒಂದು ಡಬ್ಬಿ, ಒತ್ತಿದ ನಂತರ ಒಂದು ಡಬ್ಬಿ ಹಿಡಿಯುವ ಪರೀಕ್ಷೆ ಉತ್ತಮ. ಜ್ವರವಿದ್ದಾಗ ಮಾತ್ರ ಗ್ರಂಥಿಯನ್ನು ಒತ್ತಬಾರದು, ರೋಗಾಣು ರಕ್ತಕ್ಕೆ ಇಳಿಯುತ್ತದೆ.

ಖರ್ಚಿಲ್ಲದ ಪರೀಕ್ಷೆಯೊಂದಿದೆ: ಮೂರು ದಿನದ ಲೆಕ್ಕ. ಅಳತೆಯ ಹಳೆಯ ಮಗ್ಗೊಂದರಲ್ಲಿ ಪ್ರತಿ ಸಲ ಹೊಯ್ದದ್ದನ್ನು ಅಳೆದು ಗಂಟೆಯೊಂದಿಗೆ ಬರೆಯಿರಿ. ಪ್ರತಿ ಬಾರಿ 350–400 ಎಂ.ಎಲ್., ದಿನಕ್ಕೆ ಮೂರು ಲೀಟರಿಗಿಂತ ಹೆಚ್ಚು ಎಂದಾದರೆ ಕುಡಿಯುವುದು ಜಾಸ್ತಿ, ಇಲ್ಲವೇ ಸಕ್ಕರೆ. ಪ್ರತಿ ಬಾರಿ 80–100 ಮಾತ್ರ, ಒಟ್ಟು ಒಂದೂವರೆ ಲೀಟರ್ ಎಂದಾದರೆ ಮೂತ್ರಕೋಶ ಕೆರಳಿದೆ. ಯೂರಾಲಜಿಸ್ಟಿಗೆ (ಮೂತ್ರರೋಗ ತಜ್ಞರಿಗೆ) ಈ ಚೀಟಿ ಹಳೆಯ ಸ್ಕ್ಯಾನಿಗಿಂತ ಹೆಚ್ಚು ಉಪಕಾರಿ.

ಬಿಳಿ ಮೂತ್ರ, ‘ಧಾತು’ ಮತ್ತು ಗೋಡೆ ಬರಹ

ಮೂತ್ರ ಬಿಳಿಯಾಗಿ ಕದಡಿದ್ದನ್ನು ಕಂಡು ‘ಧಾತು ಹೋಗುತ್ತಿದೆ’ ಎಂದು ಹೆದರಿ ಗುಪ್ತರೋಗದ ಗೋಡೆ ಬರಹದ ಹಿಂದೆ ಹೋಗುವವರು ಇನ್ನೂ ಇದ್ದಾರೆ. ಲೋಟದಲ್ಲಿ ಹಿಡಿದು ಕೆಲವು ಹನಿ ವಿನೆಗರ್ ಹಾಕಿ. ತಿಳಿಯಾದರೆ ಅದು ಫಾಸ್ಫೇಟ್ ಎಂಬ ಲವಣ, ರೋಗವಲ್ಲ. ಕೊಬ್ಬಿನ ಊಟದ ನಂತರ ಹಾಲಿನಂತೆಯೇ ಬರುವುದಾದರೆ ಬೇರೆ ಮಾತು. ಆನೆಕಾಲಿನ ಹುಳ ಇದ್ದ ಕರಾವಳಿ ನಮ್ಮದು, ತೋರಿಸಬೇಕು. ವೀರ್ಯ ನಷ್ಟದ ಈ ಭಯಕ್ಕೆ 1960ರಲ್ಲೇ ಮನೋವೈದ್ಯ ಡಾ. ಎನ್. ಎನ್. ವಿಗ್ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಭಯವೇ ನಿದ್ದೆಗೆಡಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರಕಾರದ ಟೆಲಿ ಮಾನಸ್, ಹೆಸರು ಹೇಳಬೇಕಾಗಿಲ್ಲ.

ಎಲ್ಲಿಗೆ ಹೋಗುವುದು

ಜ್ವರ, ಕೀವು, ರಕ್ತ, ಬೀಜದ ನೋವು, ವಾಂತಿ ಯಾವುದೂ ಇಲ್ಲದೆ ಬರಿ ಹಳದಿ ಮೂತ್ರ, ಉರಿ ಇದ್ದರೆ 48 ಗಂಟೆ ಮನೆಯಲ್ಲೇ ನೋಡಬಹುದು. ಬೆವರು ಸುರಿಸುವವರು ಮೂರರಿಂದ ಮೂರೂವರೆ ಲೀಟರ್ ಕುಡಿಯಬೇಕು. ಗುರಿ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ. ಬೊಂಡ, ಮಜ್ಜಿಗೆ, ಸಕ್ಕರೆ ಕಡಿಮೆಯ ಪುನರ್ಪುಳಿ ಎಲ್ಲ ನೀರಿನ ಲೆಕ್ಕಕ್ಕೆ ಸೇರುತ್ತವೆ, ಅದಕ್ಕಿಂತ ಹೆಚ್ಚಿನ ಶಕ್ತಿ ಅವಕ್ಕಿಲ್ಲ. ಕಲ್ಲು ಕರಗಿಸಲು ಬಾಳೆದಿಂಡಿನ ರಸ ಕುಡಿದರೆ ಹಾನಿಯಿಲ್ಲ, ಬಿಯರ್ ಮಾತ್ರ ಬೇಡ. ಬಿಂಬುಳಿಯ ಗಟ್ಟಿ ರಸವನ್ನಂತೂ ಯಾವ ಕಾರಣಕ್ಕೂ ಲೋಟಗಟ್ಟಲೆ ಕುಡಿಯಬೇಡಿ. ಅದರ ಆಕ್ಸಲೇಟ್ ತುಂಬಿ ಕಿಡ್ನಿ ಕೆಟ್ಟ ಪ್ರಕರಣಗಳು ಕೇರಳದಿಂದಲೇ ವರದಿಯಾಗಿವೆ. ಸಾರಿಗೆ ಹಾಕುವ ನಾಲ್ಕು ಕಾಯಿಯ ಮಾತಲ್ಲ ಇದು. ಕಲ್ಲಿಗೆ ಹೆದರಿ ಹಾಲು ಬಿಡುವುದೂ ತಪ್ಪು, ಬಿಡಬೇಕಾದ್ದು ಉಪ್ಪು.

48 ಗಂಟೆಗೆ ಇಳಿಯದಿದ್ದರೆ ಊರಿನ ಕುಟುಂಬಾರೋಗ್ಯ ಕೇಂದ್ರ. ಮೂತ್ರ, ಸಕ್ಕರೆ ಪರೀಕ್ಷೆ ಅಲ್ಲಿ ಆಗುತ್ತದೆ. ಕಲ್ಚರಿಗೆ ಮತ್ತು ಸ್ಕ್ಯಾನಿಗೆ ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ, ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಗಳಲ್ಲಿ ವಿಚಾರಿಸಿ. ಲೈಂಗಿಕ ಸೋಂಕಿನ ಕ್ಲಿನಿಕ್ಕಿಗೆ ಕೇರಳದ ಸರಕಾರಿ ಆಸ್ಪತ್ರೆಗಳಲ್ಲಿ ‘ಪುಲರಿ’ ಎಂದು, ಎಚ್‌ಐವಿ ಪರೀಕ್ಷೆಯ ಕೋಣೆಗೆ ‘ಜ್ಯೋತಿಸ್’ ಎಂದು ಬೋರ್ಡಿರುತ್ತದೆ. ಗುಟ್ಟು ಕಾಯುತ್ತಾರೆ, ದುಡ್ಡು ಕೇಳುವುದಿಲ್ಲ. ಪರಿಚಯದವರು ಕಂಡಾರು ಎಂಬ ಅಳುಕಿಗೆ ಮಂಗಳೂರಿಗೆ ಹೋಗುವುದೂ ತಪ್ಪಲ್ಲ. ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಉಚಿತವಾಗಿ ಕೇಳಬಹುದು.

ಎರಡನೇ ಬಾರಿ ಸೋಂಕು, ನೋವಿಲ್ಲದೆ ಬಂದ ರಕ್ತ, ಕಿರಿದಾದ ಧಾರೆ, 5 ಮಿಲಿಮೀಟರಿಗಿಂತ ದೊಡ್ಡ ಕಲ್ಲು, ಮೂರು ತಿಂಗಳು ದಾಟಿದ ನೋವು ಇವಕ್ಕೆ ನೇರ ಯೂರಾಲಜಿಸ್ಟ್. ಬೀಜದಲ್ಲಿ ನೋವೇ ಇಲ್ಲದ ಗಟ್ಟಿ ಗಂಟು ಸಿಕ್ಕರೂ ಅಷ್ಟೇ, ಆ ವಯಸ್ಸಿನ ಕ್ಯಾನ್ಸರ್ ಹಾಗೆಯೇ ಬರುವುದು. ಮಂಗಳೂರಿಗೆ ಹೋಗುವವರು ಕೇರಳದ ವಿಮಾ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ಫೋನಿನಲ್ಲಿ ಕೇಳಿ.

ರಜೆಯಲ್ಲಿ ಬಂದು ಚಿಕಿತ್ಸೆ ಮಾಡಿಸಿಕೊಂಡು ಯುಎಇಗೆ ಮರಳುವವರು ಮದ್ದಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಕಿಬ್ಬೊಟ್ಟೆ ನೋವಿಗೆ ಬರೆಯುವ ಪ್ರಿಗ್ಯಾಬಲಿನ್, ಕಲ್ಲಿನ ನೋವಿಗೆ ಬರೆಯುವ ಟ್ರಮಡಾಲ್ ಅಲ್ಲಿ ನಿಯಂತ್ರಿತ ಔಷಧಿಗಳು. ಚೀಟಿ ಕೈಯಲ್ಲಿದ್ದರೂ ಅಲ್ಲಿನ ಸರಕಾರದ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆಯದೆ ಪೆಟ್ಟಿಗೆಗೆ ಹಾಕಬೇಡಿ. ಹೊರಡಲು ಎರಡು ವಾರ ಇರುವಾಗಲೇ ‘ಇದರ ಬದಲಿಗೆ ಬೇರೆ ಇದೆಯಾ’ ಎಂದು ಡಾಕ್ಟರಲ್ಲಿ ಕೇಳಿದರೆ ಹೆಚ್ಚಾಗಿ ಇರುತ್ತದೆ.